ಬೆಟ್ಟ ಅಗೆಯುವ ಇಲಿ

ತೆಂಗಿನ ಸಸಿಗೆ ತೆಗೆಯುವ ಗುಣಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಬಾಯಲ್ಲಿ ಹೇಳುವಾಗ ಸಣ್ಣ ಕೆಲಸ. ಆದರೆ ಅಷ್ಟು ಜಾಗದಲ್ಲಿರುವ ಮಣ್ಣಿನ ತೂಕ ಒಂದು ಟನ್ನಿಗೂ ಮಿಕ್ಕಿದ್ದು. ಸಲಿಕೆಗೆ ಮೂರು ಕಿಲೋ ಎಂದರೂ ನಾನೂರು ಸಲ ಬಗ್ಗಿ ಏಳಬೇಕು. ಕಳೆದ ಮಳೆಗಾಲಕ್ಕೆ ಮುಂಚೆ ಹಿತ್ತಿಲಲ್ಲಿ ಅಂಥದ್ದೊಂದು ಗುಣಿ ತೋಡಿದೆ. ಮೊದಲ ಹತ್ತು ನಿಮಿಷ ತಲೆಯೊಳಗೆ ಆಫೀಸಿನ ಮನಸ್ತಾಪ, ಕಟ್ಟಬೇಕಾದ ಕಂತು, ಉತ್ತರಿಸದೆ ಬಿಟ್ಟ ಫೋನು ಎಲ್ಲವೂ ಒಟ್ಟಿಗೆ ಓಡುತ್ತಿದ್ದವು. ಅರ್ಧ ಗಂಟೆಯ ಹೊತ್ತಿಗೆ ಉಳಿದದ್ದು ಮೂರೇ: ಹಾರೆ ನೆಲ ಕಚ್ಚುವ ಸದ್ದು, ನನ್ನ ಉಸಿರು, ಬದಿಗೆ ಬೀಳುವ ಮಣ್ಣು. ಮೂರಡಿ ಮುಟ್ಟಿದ ಮೇಲೂ ನಿಲ್ಲಿಸಲು ಮನಸ್ಸಾಗಲಿಲ್ಲ. ಇನ್ನೂ ಅರ್ಧ ಅಡಿ ಇಳಿಸಿದೆ. ಆ ಅರ್ಧ ಅಡಿ ತೆಂಗಿಗೆ ಬೇಕಿರಲಿಲ್ಲ, ನನಗೆ ಬೇಕಿತ್ತು. ಯಾಕೆ ಬೇಕಿತ್ತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ.

ಅಗತ್ಯಕ್ಕಿಂತ ಆಳ ತೋಡುವವರು ಬಹಳ ಮಂದಿ ಇದ್ದಾರೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಕಡಲ ದಂಡೆಯಲ್ಲಿ ಬಿಟ್ಟ ಮಗು ಯಾರೂ ಹೇಳಿಕೊಡದೆ ಮರಳು ಬಗೆಯಲು ಕೂರುತ್ತದೆ. ತಳದಲ್ಲಿ ನೀರು ಒಸರಿದಾಗ ಅದರ ಮುಖ ನೋಡಬೇಕು. ನೆರವಿಗೆಂದು ಬಂದ ಅಪ್ಪ ತುಸು ಹೊತ್ತಿಗೆ ಮಗುವಿಗಿಂತ ಹೆಚ್ಚು ಮಗ್ನನಾಗಿರುತ್ತಾನೆ. ಜಪಾನಿನ ಚಿಬಾ ಪ್ರಾಂತ್ಯದ ನರಿತಾದಲ್ಲಿ ಯುಮೆ ಬೊಕುಜೊ ಎಂಬ ಹೈನುಗಾರಿಕೆ ತೋಟವಿದೆ. ಅಲ್ಲಿ ನಡೆಯುವ ರಾಷ್ಟ್ರಮಟ್ಟದ ಗುಂಡಿ ತೋಡುವ ಸ್ಪರ್ಧೆಯಲ್ಲಿ ತಂಡಕ್ಕೆ ಆರು ಜನ, ಕೈಯಲ್ಲಿ ಸಲಿಕೆ, ಅರ್ಧ ಗಂಟೆಯ ಕಾಲ. ಯಾರ ಗುಂಡಿ ಹೆಚ್ಚು ಆಳವೋ ಅವರಿಗೆ ಗೆಲುವು. 2025ರಲ್ಲಿ ಬಂದ ಒಂದು ಕಂಪ್ಯೂಟರ್ ಆಟದಲ್ಲಂತೂ ಮನೆಯ ಹಿತ್ತಿಲಲ್ಲಿ ಗುಂಡಿ ತೋಡುತ್ತ ಹೋಗುವುದೇ ಮುಖ್ಯ ಕೆಲಸ. ಅದನ್ನು ಲಕ್ಷಾಂತರ ಮಂದಿ ಹಣ ಕೊಟ್ಟು ಕೊಂಡರು.

ಬೆಟ್ಟ ಅಗೆದು ಇಲಿ ಹಿಡಿದಂತೆ ಎಂದು ನಮ್ಮಲ್ಲಿ ಗಾದೆ. ಪಟ್ಟ ಪಾಡು ದೊಡ್ಡದು, ಸಿಕ್ಕಿದ್ದು ಸಣ್ಣದು ಎಂದು ಅರ್ಥ. ಅಗೆಯುವುದರಲ್ಲಿ ಏನು ಹಿತವಿದೆ ಎಂದು ವಿಜ್ಞಾನಿಗಳು ಕೇಳಿದಾಗಲೂ ಸಿಕ್ಕಿದ್ದು ಇಲಿಯೇ. ಆದರೆ ಆ ಇಲಿ ಸಣ್ಣ ಫಲವಲ್ಲ.

1964ರಲ್ಲಿ ಕಿಂಗ್ ಮತ್ತು ವೀಸ್‌ಮನ್ ಎಂಬ ಇಬ್ಬರು ಸಂಶೋಧಕರು ಡೀರ್ ಮೌಸ್ ಎಂಬ ಕಾಡಿಲಿಗಳ ಮುಂದೆ ಒಂದು ಸನ್ನೆಕೋಲು ಇಟ್ಟರು. ಪ್ರಯೋಗಾಲಯದ ಇಲಿಗಳಿಗೆ ಇದು ಹೊಸದಲ್ಲ. ಸಾಮಾನ್ಯವಾಗಿ ಕೋಲು ಒತ್ತಿದರೆ ಕಾಳು ಬೀಳುತ್ತದೆ, ಇಲ್ಲವೇ ನೀರು. ಇಲ್ಲಿ ಒತ್ತಿದರೆ ಸಿಗುತ್ತಿದ್ದದ್ದು ಮರಳು, ತೋಡಲಿಕ್ಕೆ. ಇಲಿಗಳು ಒತ್ತಿದವು, ತೋಡಿದವು, ಮತ್ತೆ ಒತ್ತಿದವು. ಅಂದರೆ ತೋಡುವ ಅವಕಾಶವೇ ಅವಕ್ಕೆ ಕೂಲಿ. ನಲವತ್ತು ವರ್ಷಗಳ ತರುವಾಯ, 2004ರಲ್ಲಿ, ಇಂಗ್ಲೆಂಡಿನ ಕ್ರಿಸ್ ಶೆರ್ವಿನ್ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಕೇಳಿದರು. ಬಿಲ ಆಗಲೇ ಸಿದ್ಧವಿದ್ದರೆ ಇಲಿ ಸುಮ್ಮನಿರುತ್ತದೆಯೇ? ಇರಲಿಲ್ಲ. ವಾಸಕ್ಕೆ ಬಿಲ ಇದ್ದರೂ ಅವು ಅಗೆಯುತ್ತಲೇ ಹೋದವು. ಇದನ್ನು ಓದಿದಾಗ ನನಗೆ ನನ್ನ ಅರ್ಧ ಅಡಿ ನೆನಪಾಯಿತು.

ಈ ಚಾಳಿ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಹೋಪಿ ಹೋಕ್‌ಸ್ಟ್ರಾ ತಂಡ 2013ರಲ್ಲಿ ತೋರಿಸಿತು. ಅಮೆರಿಕದ ಓಲ್ಡ್‌ಫೀಲ್ಡ್ ಇಲಿ ಉದ್ದನೆಯ ಬಿಲ ತೋಡಿ, ಹಾವು ಬಂದರೆ ತಪ್ಪಿಸಿಕೊಳ್ಳಲು ಹಿಂದಿನಿಂದ ಇನ್ನೊಂದು ಸುರಂಗ ಮಾಡಿಕೊಳ್ಳುತ್ತದೆ. ಅದರ ದಾಯಾದಿಯಾದ ಡೀರ್ ಮೌಸ್ ಗಿಡ್ಡ ಬಿಲಕ್ಕೇ ತೃಪ್ತಿಪಡುತ್ತದೆ. ಪಂಜರದಲ್ಲಿ ಹುಟ್ಟಿ, ಬಿಲವನ್ನೇ ಕಾಣದೆ ಬೆಳೆದ ಮರಿಗಳನ್ನು ಮಣ್ಣಿಗೆ ಬಿಟ್ಟಾಗಲೂ ತಮ್ಮ ತಮ್ಮ ಕುಲದ ವಿನ್ಯಾಸದಲ್ಲೇ ತೋಡಿದವು. ಎರಡೂ ಕುಲಗಳನ್ನು ಬೆರೆಸಿ ಹುಟ್ಟಿಸಿದ ಇಲಿಗಳನ್ನು ಪರೀಕ್ಷಿಸಿದಾಗ, ಸುರಂಗದ ಉದ್ದಕ್ಕೆ ಸಂಬಂಧಿಸಿದ ಮೂರು ಭಾಗಗಳು ಮತ್ತು ತಪ್ಪಿಸಿಕೊಳ್ಳುವ ದಾರಿಗೆ ಸಂಬಂಧಿಸಿದ ಒಂದು ಭಾಗ ಅವುಗಳ ವಂಶವಾಹಿಯಲ್ಲಿ ಸಿಕ್ಕವು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಆಕ್ಸ್‌ಫರ್ಡ್‌ನ ರಾಬರ್ಟ್ ಡೀಕನ್ ರೂಪಿಸಿದ ಒಂದು ಸರಳ ಪರೀಕ್ಷೆ. ಒಂದು ಕೊಳವೆಯ ತುಂಬ ಆಹಾರದ ಉಂಡೆಗಳನ್ನು ತುಂಬಿ ಪಂಜರದಲ್ಲಿಡುತ್ತಾರೆ. ಇಲಿ ಅದನ್ನು ತಿನ್ನುವ ಬದಲು ಕೊಳವೆ ಖಾಲಿಯಾಗುವವರೆಗೆ ಕಾಲಿನಿಂದ ಹೊರಗೆ ತಳ್ಳುತ್ತದೆ. ತಿನ್ನಲು ಅದೇ ಉಂಡೆ ಪಕ್ಕದಲ್ಲೇ ಇದ್ದರೂ ಅಷ್ಟೆ. ಎಷ್ಟು ಗ್ರಾಂ ಹೊರಹಾಕಿತು ಎಂದು ಬೆಳಿಗ್ಗೆ ತೂಗಿದರಾಯಿತು. ಮಿದುಳಿಗೆ ಪ್ರಿಯಾನ್ ರೋಗ ಅಂಟಿಸಿದ ಇಲಿಗಳಲ್ಲಿ, ಹೊರಗೆ ಕಾಣುವ ಯಾವ ಲಕ್ಷಣವೂ ಇಲ್ಲದಿರುವಾಗಲೇ ಈ ತೂಕ ಇಳಿಯಿತು. ನೋವಿದ್ದರೆ ಇಳಿಯುತ್ತದೆ, ಸೋಂಕು ತಗಲಿದರೆ ಇಳಿಯುತ್ತದೆ. ಇಲಿಗೆ ಮೈಮನಸ್ಸು ನೆಟ್ಟಗಿಲ್ಲ ಎನ್ನುವುದಕ್ಕೆ ಮೊದಮೊದಲ ಗುರುತುಗಳಲ್ಲಿ ಒಂದು ಅಗೆತ ತಗ್ಗುವುದು. ಅಗೆತ ಇಲ್ಲಿ ಕ್ಷೇಮದ ಭಾಷೆ.

ಹಾಗೆಂದು ಪ್ರತಿ ಅಗೆತವೂ ಕ್ಷೇಮವಲ್ಲ. ಪಂಜರದ ಜರ್ಬಿಲ್‌ಗಳು, ಅಂದರೆ ಮರುಭೂಮಿಯ ಇಲಿಗಳು, ಮೂಲೆಯೊಂದರಲ್ಲಿ ನಿಂತು ಮತ್ತೆ ಮತ್ತೆ ಕೆರೆಯುತ್ತಿರುತ್ತವೆ. ಅದು ನೆಮ್ಮದಿಯಲ್ಲ, ಗೀಳು. ಪಾಪ, ತೋಡಲು ಮರಳಿಲ್ಲ ಅಂತ ಹೀಗೆ ಮಾಡುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಕ್ರಿಸ್ಟೋಫ್ ವೀಡನ್‌ಮೇಯರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಬಿಲ ನಿಲ್ಲದ ಒಣ ಮರಳು ಕೊಟ್ಟರೂ ಮರಿಗಳು ಗೀಳಿಗೆ ಬಿದ್ದವು. ಸುರಂಗ ಮತ್ತು ಕತ್ತಲ ಗೂಡು ಇರುವ ಕೃತಕ ಬಿಲ ಕೊಟ್ಟಾಗ ಗೀಳು ಬೆಳೆಯಲಿಲ್ಲ. ಜರ್ಬಿಲ್‌ಗೆ ಬೇಕಿದ್ದದ್ದು ಕೆಲಸ ಎಲ್ಲಿಗೋ ಮುಟ್ಟುವುದು. ಮರಳು ಕುಸಿಯುತ್ತ, ತೋಡಿದ್ದು ತೋಡಿದಂತೆ ಮುಚ್ಚಿಹೋಗುವ ಅಗೆತದಲ್ಲಿ ಅದಕ್ಕೆ ಬಿಡುಗಡೆಯಿರಲಿಲ್ಲ. ಶೆರ್ವಿನ್‌ನ ಇಲಿ ತೋಡುವುದೇ ಹಿತ ಎನ್ನುತ್ತದೆ, ಜರ್ಬಿಲ್ ತೋಡಿದ್ದು ಉಳಿಯಬೇಕು ಎನ್ನುತ್ತದೆ. ನನಗೆ ಎರಡೂ ನಿಜವೆನಿಸುತ್ತವೆ. ಮನುಷ್ಯರ ಅಗೆತದಲ್ಲೂ ಕೈಯ ಲಯ ಒಂದು ಹಿತ, ಗುಂಡಿ ಕಣ್ಣೆದುರೇ ಆಳವಾಗುವುದು ಇನ್ನೊಂದು ಹಿತ. ಎರಡರಲ್ಲಿ ಒಂದು ತಪ್ಪಿದರೂ ಅದು ಬರೀ ಬೆವರು.

ಆ ಎರಡನೆಯ ಹಿತವನ್ನು ಅಮೆರಿಕದ ನರವಿಜ್ಞಾನಿ ಕೆಲ್ಲಿ ಲ್ಯಾಂಬರ್ಟ್ ಪರೀಕ್ಷೆಗೆ ಒಡ್ಡಿದರು. ಒಂದು ಗುಂಪಿನ ಹೆಗ್ಗಣಗಳು ವಾರಗಟ್ಟಲೆ ದಿನವೂ ಪಂಜರದ ಹಾಸಿನ ಗುಡ್ಡೆಗಳನ್ನು ತೋಡಿ ಸಿಹಿ ತಿಂಡಿಯ ಚೂರು ಹುಡುಕಬೇಕಿತ್ತು. ಇನ್ನೊಂದು ಗುಂಪಿಗೆ ಅದೇ ತಿಂಡಿ ಕೂತಲ್ಲಿಗೇ ಬರುತ್ತಿತ್ತು. ಆಮೇಲೆ ಎರಡಕ್ಕೂ ಬಿಡಿಸಲಾಗದ ಒಗಟು ಕೊಟ್ಟರು: ತಿಂಡಿ ಕಾಣುತ್ತದೆ, ಚೆಂಡಿನೊಳಗಿಂದ ಹೊರಗೆ ಬರುವುದಿಲ್ಲ. ತೋಡಿ ಉಂಡ ಹೆಗ್ಗಣಗಳು ಬಿಡದೆ ಬಹಳ ಹೆಚ್ಚು ಹೊತ್ತು ಪ್ರಯತ್ನಿಸಿದವು. ಕೈಯ ದುಡಿಮೆಗೂ ಫಲಕ್ಕೂ ನಂಟು ಕಂಡ ಮಿದುಳು ಹತಾಶೆಗೆ ಸುಲಭವಾಗಿ ಮಣಿಯುವುದಿಲ್ಲ ಎಂಬುದು ಲ್ಯಾಂಬರ್ಟ್ ವಾದ. ಇಂದು ನಮ್ಮಲ್ಲಿ ಅನೇಕರ ದುಡಿಮೆಗೆ ಕಣ್ಣಿಗೆ ಕಾಣುವ ಫಲವೇ ಇಲ್ಲ. ಎಂಟು ಗಂಟೆ ಪರದೆಯ ಮುಂದೆ ಕೂತೆದ್ದರೆ ಬೆಳಿಗ್ಗೆ ಇದ್ದ ಮೇಜೇ ಸಂಜೆಯೂ ಇರುತ್ತದೆ. ಗುಂಡಿ ಹಾಗಲ್ಲ. ಪ್ರತಿ ಏಟಿಗೂ ನೆಲ ಉತ್ತರ ಕೊಡುತ್ತದೆ.

ಲಯದ ಹಿತಕ್ಕೆ ಸಾಕ್ಷಿ ಬೆಕ್ಕಿನಿಂದ ಬಂತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬ್ಯಾರಿ ಜೇಕಬ್ಸ್ ಬೆಕ್ಕುಗಳ ಮಿದುಳಕಾಂಡದಲ್ಲಿರುವ ಸೆರೊಟೋನಿನ್ ನರಕೋಶಗಳ ಮಿಡಿತವನ್ನು ವರ್ಷಗಳ ಕಾಲ ದಾಖಲಿಸಿದರು. ಸೆರೊಟೋನಿನ್ ನಮ್ಮ ಮನಃಸ್ಥಿತಿಯ ಜೊತೆ ತಳುಕು ಹಾಕಿಕೊಂಡಿರುವ ರಾಸಾಯನಿಕ. ಕನಸಿನ ನಿದ್ದೆಯಲ್ಲಿ ಈ ಕೋಶಗಳು ಮೌನ. ಎಚ್ಚರದಲ್ಲಿ ನಿಧಾನಗತಿಯ ಮಿಡಿತ. ಬೆಕ್ಕು ಅಗಿಯುವಾಗ, ಮೈ ನೆಕ್ಕಿಕೊಳ್ಳುವಾಗ, ಒಂದೇ ಹದದಲ್ಲಿ ನಡೆಯುವಾಗ ಅವುಗಳಲ್ಲಿ ಕೆಲವು ಚುರುಕಾದವು. ಮರುಕಳಿಸುವ ಚಲನೆ ಮನಸ್ಸನ್ನು ಹಗುರ ಮಾಡಲು ಇದೊಂದು ದಾರಿಯಿರಬಹುದು ಎಂದು ಜೇಕಬ್ಸ್ 1994ರಲ್ಲೇ ಬರೆದರು. ಬೀಸುಕಲ್ಲಿನ ಮುಂದೆ ಕೂತವರು, ನೂಲುವವರು, ಬತ್ತ ಕುಟ್ಟುವವರು ಹಾಡುತ್ತಿದ್ದದ್ದು ಬೇಸರ ಕಳೆಯಲಿಕ್ಕೆ ಮಾತ್ರ ಇರಲಾರದು ಎಂದು ನನ್ನ ಎಣಿಕೆ.

ಶ್ರಮದ ಪಾಲೂ ಇದರಲ್ಲಿದೆ. ಅಗೆಯುವುದು ಚುರುಕು ನಡಿಗೆಗಿಂತ ಹೆಚ್ಚು ಶಕ್ತಿ ಬೇಡುವ ಕೆಲಸ. ಮೈ ಹೀಗೆ ದುಡಿದಾಗ ಬರುವ ಹಗುರತನಕ್ಕೆ ಬಹುಕಾಲ ಎಂಡಾರ್ಫಿನ್ ಕಾರಣ ಎನ್ನುತ್ತಿದ್ದರು. ಆದರೆ ರಕ್ತದ ಎಂಡಾರ್ಫಿನ್ ಮಿದುಳಿನೊಳಕ್ಕೆ ಸುಲಭವಾಗಿ ನುಗ್ಗುವುದಿಲ್ಲ. ಈಗ ಹೆಚ್ಚು ಒಲವು ಇನ್ನೊಂದು ರಾಸಾಯನಿಕದ ಕಡೆಗೆ. 1992ರಲ್ಲಿ ಜೆರುಸಲೆಮ್ಮಿನ ರಾಫೆಲ್ ಮೆಶೂಲಮ್ ಅವರ ಪ್ರಯೋಗಾಲಯ ಅದನ್ನು ಹಂದಿಯ ಮಿದುಳಿನಲ್ಲಿ ಪತ್ತೆಹಚ್ಚಿ, ಸಂಸ್ಕೃತದ ಆನಂದ ಪದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟಿತು. ಹದವಾಗಿ ಓಡಿದ, ಸೈಕಲ್ ತುಳಿದ ಯುವಕರ ರಕ್ತದಲ್ಲಿ ಅದು ಏರಿದ್ದನ್ನು 2003ರಲ್ಲಿ ಅಳೆದರು.

ಮಣ್ಣಿನಲ್ಲೇ ಔಷಧವಿದೆ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಕೇಳಬೇಕು. ಮೈಕೋಬ್ಯಾಕ್ಟೀರಿಯಂ ವ್ಯಾಕ್ಕೆ ಎಂಬ ಮಣ್ಣಿನ ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಂದು ಇಲಿಗಳಿಗೆ ಚುಚ್ಚಿದಾಗ ಸೆರೊಟೋನಿನ್ ಕೋಶಗಳು ಎಚ್ಚೆತ್ತವು ಎಂದು ಕ್ರಿಸ್ಟೋಫರ್ ಲೌರಿ ತಂಡ 2007ರಲ್ಲಿ ವರದಿ ಮಾಡಿತು. ಸೊಗಸಾದ ಅಧ್ಯಯನ. ಆದರೆ ಚುಚ್ಚುಮದ್ದು ಬೇರೆ, ಉಗುರಿನ ಸಂದಿಗೆ ಸೇರಿದ ಮಣ್ಣು ಬೇರೆ. ಅದರ ಮೇಲೆ ಮಣ್ಣು ಮುಟ್ಟಿದರೆ ಖಿನ್ನತೆ ಮಾಯ ಎಂಬ ಘೋಷಣೆ ಕಟ್ಟುವುದು ಆ ವಿಜ್ಞಾನಕ್ಕೂ ಖಿನ್ನತೆಯಿಂದ ಬಳಲುವವರಿಗೂ ಮಾಡುವ ಅನ್ಯಾಯ. ಮಣ್ಣಿನ ವಾಸನೆಯ ಸೆಳೆತ ಮಾತ್ರ ಅನುಮಾನವಿಲ್ಲದ್ದು. ಅದರ ಮೂಲವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ.

ಮನುಷ್ಯರ ಮೇಲೆ ನಡೆದ ಒಂದು ಸಣ್ಣ ಪ್ರಯೋಗ ನನಗೆ ಮೆಚ್ಚಿಗೆ. ನೆದರ್ಲೆಂಡ್ಸ್‌ನಲ್ಲಿ ಕೈತೋಟ ಇಟ್ಟುಕೊಂಡಿದ್ದ 30 ಮಂದಿಗೆ ಮೊದಲು ತಲೆಬಿಸಿಯಾಗುವಂಥ ಪರೀಕ್ಷೆ ಕೊಟ್ಟು, ಆಮೇಲೆ ಅರ್ಧದಷ್ಟು ಜನರನ್ನು ಅರ್ಧ ಗಂಟೆ ತೋಟದ ಕೆಲಸಕ್ಕೂ ಉಳಿದವರನ್ನು ಒಳಗೆ ಕೂತು ಓದಲೂ ಬಿಟ್ಟರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎರಡೂ ಗುಂಪಿನಲ್ಲಿ ಇಳಿದಿತ್ತು, ತೋಟದವರಲ್ಲಿ ಹೆಚ್ಚು ಇಳಿದಿತ್ತು. ಅವರ ಮನಸ್ಸಿನ ಉಲ್ಲಾಸ ಪೂರ್ತಿ ಮರಳಿತ್ತು, ಓದಿದವರದು ಮರಳಿರಲಿಲ್ಲ. ತೋಡುವುದಕ್ಕೂ ಮನಸ್ಸಿಗೂ ಇರುವ ಈ ನಂಟು ನಮ್ಮ ಒಂದು ಪದದಲ್ಲೂ ಕಾಣುತ್ತದೆ: ಕನ್ನಡದಲ್ಲಿ ಬಗೆ ಎಂದರೆ ತೋಡು ಎಂದೂ ಅರ್ಥ, ಮನಸ್ಸು ಎಂದೂ ಅರ್ಥ. ಎರಡಕ್ಕೂ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೂ ಆ ಪದ ಬಳಸುವಾಗಲೆಲ್ಲ ಖುಷಿಯಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ನುಂಗಿಕೊಂಡರೆ ತಪ್ಪಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ರಸ್ತೆ ಬದಿ ಕೇಬಲ್ಲಿಗೆ ಕಾಲುವೆ ತೋಡುವವರಿಗೆ ಅಗೆತ ವಿಶ್ರಾಂತಿಯಲ್ಲ. ತಾನಾಗಿ ಚಕ್ರ ತುಳಿಯುವ ಇಲಿಯ ದೇಹ ಗಟ್ಟಿಯಾಗುತ್ತದೆ. ಬಲವಂತದಿಂದ ಓಡಿಸಿದ ಇಲಿಯ ಅಡ್ರಿನಲ್ ಗ್ರಂಥಿ ದೀರ್ಘ ಒತ್ತಡಕ್ಕೆ ಸಿಕ್ಕಂತೆ ಹಿಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಯಾವಾಗ ನಿಲ್ಲಿಸಬೇಕೆಂಬುದು ಅಗೆಯುವವನ ಕೈಯಲ್ಲಿರಬೇಕು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮುಗಿಸಿ ಬಂದು, ಒಬ್ಬರೇ ತಮ್ಮ ಬರಡು ಗುಡ್ಡದ ಒಡಲಿಗೆ ಸುರಂಗ ಕೊರೆದರು. ಮೊದಮೊದಲ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಮತ್ತೆ ಕೊರೆದರು, ನೀರು ಬಂತು, ತೋಟ ಎದ್ದಿತು. 2022ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂತು. ಆ ದುಡಿಮೆಯನ್ನು ಹವ್ಯಾಸದ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಆದರೆ ಅದು ಬೇರೆಯವರಿಗಾಗಿ ಮಾಡಿದ ದುಡಿಮೆಯಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಅಪಾಯಗಳೂ ಇವೆ. ಕಡಲ ದಂಡೆಯಲ್ಲಿ ಒದ್ದೆ ಮರಳನ್ನು ಹಿಡಿದಿಡುವುದು ಕಣಗಳ ನಡುವಿನ ತೆಳು ನೀರಿನ ಸೇತುವೆ. ಬಿಸಿಲಿಗೆ ಅದು ಆರಿದರೆ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಹೀಗೆ ಮರಳಿನ ಗುಂಡಿಯಲ್ಲಿ ಹೂತುಹೋದ 52 ಪ್ರಕರಣಗಳನ್ನು 2007ರಲ್ಲಿ ಅಮೆರಿಕದ ವೈದ್ಯರು ಪಟ್ಟಿ ಮಾಡಿದರು. ಅವುಗಳಲ್ಲಿ 31 ಮಂದಿ ಸತ್ತಿದ್ದರು, ಹೆಚ್ಚಿನವರು ಹುಡುಗರು. ಗುಂಡಿ ಮಗುವಿನ ಮಂಡಿಗಿಂತ ಆಳ ಇಳಿಯಬಾರದು, ಎದ್ದು ಹೋಗುವ ಮುಂಚೆ ಮುಚ್ಚಲೇಬೇಕು. ಕರಾವಳಿಯಲ್ಲಿ ಮಳೆಗಾಲದ ಮಣ್ಣಿನಿಂದ ಮೆಲಿಯೋಯ್ಡೋಸಿಸ್ ಎಂಬ ಸೋಂಕು ತಗಲುವುದುಂಟು. ಸಕ್ಕರೆ ಕಾಯಿಲೆಯಿರುವವರಿಗೆ ಅದು ಹೆಚ್ಚು ಅಪಾಯಕಾರಿ. ಗಾಯವಿದ್ದರೆ ಮಣ್ಣು ಮುಟ್ಟಬೇಡಿ, ಬೂಟು ಮತ್ತು ಕೈಗವಸು ಹಾಕಿಕೊಳ್ಳಿ, ಧನುರ್ವಾಯುವಿನ ಚುಚ್ಚುಮದ್ದು ನೆನಪಿರಲಿ.

ನನ್ನ ಹೆಚ್ಚಿನ ಅರ್ಧ ಅಡಿಗೆ ಮೇಲ್ಮಣ್ಣು, ಬೂದಿ, ಕೊಟ್ಟಿಗೆ ಗೊಬ್ಬರ ತುಂಬಿದೆ. ಎರಡು ಮಳೆಗೆ ಮಣ್ಣು ಕುಸಿದು ಕೂತಿತು, ಸಸಿ ಈಗ ಹೊಸ ಗರಿ ಬಿಟ್ಟಿದೆ. ಅದರಿಂದ ಇಪ್ಪತ್ತೈದು ಅಡಿ ದೂರಕ್ಕೆ ದಾರ ಹಿಡಿದು ಇನ್ನೊಂದು ಗುಣಿಗೆ ಗೂಟ ಹೊಡೆದಿದ್ದೇನೆ. ಭಾನುವಾರ ಬಿಸಿಲೇರುವ ಮುಂಚೆ ಶುರು ಮಾಡಬೇಕು.