ಜಮೈಕಾದಲ್ಲಿ ಹದಿಹರೆಯದ ತಾಯಂದಿರ ಮರುಶಿಕ್ಷಣ

ಜಮೈಕಾದಲ್ಲಿ ಹದಿಹರೆಯದ ತಾಯಂದಿರ ಮರುಶಿಕ್ಷಣ ಎಂಬುದು, ಶಾಲೆಯಲ್ಲಿ ಓದುತ್ತಿರುವಾಗಲೇ ಗರ್ಭಿಣಿಯರಾಗುವ ಬಾಲಕಿಯರ ವ್ಯಾಸಂಗವು ನಿಂತುಹೋಗದಂತೆ ನೋಡಿಕೊಂಡು, ಹೆರಿಗೆಯ ನಂತರ ಅವರನ್ನು ಪುನಃ ಶಾಲೆಗೆ ಸೇರಿಸುವ ವ್ಯವಸ್ಥೆಯಾಗಿದೆ. ಕೆರಿಬಿಯನ್ ಸಮುದ್ರದ ಈ ದ್ವೀಪರಾಷ್ಟ್ರದಲ್ಲಿ ಇದು ೧೯೭೮ರಲ್ಲಿ ಆರಂಭವಾಯಿತು. ಈ ಕಾರ್ಯವನ್ನು ಮುಖ್ಯವಾಗಿ ನಿರ್ವಹಿಸುವ ಸಂಸ್ಥೆ ಜಮೈಕಾ ಮಹಿಳಾ ಕೇಂದ್ರ ಪ್ರತಿಷ್ಠಾನ.

ಹಿನ್ನೆಲೆ

ಗರ್ಭಿಣಿಯಾದ ವಿದ್ಯಾರ್ಥಿನಿಯು ಶಾಲೆಯನ್ನು ಬಿಡಬೇಕೆಂಬುದು ಜಮೈಕಾದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿತ್ತು. ಹೀಗೆ ಹೊರಹೋದವರಲ್ಲಿ ಅನೇಕರು ಮರಳಿ ಬರುತ್ತಿರಲಿಲ್ಲ. ಓದು ಅರ್ಧಕ್ಕೆ ನಿಂತುದರಿಂದ ಉತ್ತಮ ಉದ್ಯೋಗ ದೊರೆಯದೆ, ತಾಯಿ ಮಗು ಇಬ್ಬರೂ ಬಡತನಕ್ಕೆ ಒಳಗಾಗುತ್ತಿದ್ದರು. ಈ ಸ್ಥಿತಿಯನ್ನು ಬದಲಿಸಲು ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಮೊದಲ ಕೇಂದ್ರವನ್ನು ತೆರೆಯಲಾಯಿತು. ಪಮೇಲಾ ಮೆಕ್‌ನೀಲ್ ಇದರ ಸ್ಥಾಪಕ ನಿರ್ದೇಶಕಿ. ಮುಂದೆ ಮ್ಯಾಂಡೆವಿಲ್, ಮಾಂಟೆಗೊ ಬೇ ಮೊದಲಾದ ಪಟ್ಟಣಗಳಲ್ಲಿಯೂ ಕೇಂದ್ರಗಳು ಸ್ಥಾಪನೆಗೊಂಡವು.

ಕಾರ್ಯವಿಧಾನ

ಬಾಲಕಿಯು ಗರ್ಭಾವಸ್ಥೆಯಲ್ಲಿಯೇ ಕೇಂದ್ರಕ್ಕೆ ಸೇರುತ್ತಾಳೆ. ಅಲ್ಲಿ ಇಂಗ್ಲಿಷ್, ಗಣಿತ ಮುಂತಾದ ಶಾಲಾ ವಿಷಯಗಳನ್ನು ಕಲಿಸಲಾಗುತ್ತದೆ. ಇದರಿಂದ ಅವಳು ಸಹಪಾಠಿಗಳಿಗಿಂತ ಬಹಳ ಹಿಂದೆ ಉಳಿಯುವುದಿಲ್ಲ. ಪಾಠದ ಜೊತೆಗೆ ಈ ಕೆಳಗಿನ ನೆರವುಗಳು ದೊರೆಯುತ್ತವೆ:

• ಆಪ್ತಸಮಾಲೋಚನೆ: ಬಾಲಕಿಯೊಂದಿಗೆ ಅವಳ ತಂದೆತಾಯಿಯರಿಗೂ ಮಗುವಿನ ತಂದೆಗೂ ತಿಳಿವಳಿಕೆ ನೀಡಲಾಗುತ್ತದೆ. ಮನೆಯವರ ಕೋಪ ತಣಿಯದಿದ್ದರೆ ಓದು ಮುಂದುವರಿಯುವುದು ಕಷ್ಟ.
• ಶಿಶುಪಾಲನೆ: ಕೇಂದ್ರದ ಶಿಶುವಿಹಾರದಲ್ಲಿ ಹಸುಗೂಸನ್ನು ಬಿಟ್ಟು ತಾಯಿಯು ತರಗತಿಗೆ ಹೋಗಬಹುದು.
• ಆರೋಗ್ಯ ಶಿಕ್ಷಣ: ಗರ್ಭಿಣಿಯ ಆರೈಕೆ, ಸ್ತನ್ಯಪಾನ, ಮಗುವಿನ ಪೋಷಣೆ ಹಾಗೂ ಗರ್ಭನಿರೋಧದ ವಿಷಯಗಳು ಇದರಲ್ಲಿ ಸೇರಿವೆ. ಓದು ಮುಗಿಯುವ ಮೊದಲೇ ಎರಡನೆಯ ಗರ್ಭ ನಿಲ್ಲದಂತೆ ತಡೆಯುವುದು ಇದರ ಒಂದು ಪ್ರಮುಖ ಗುರಿ.

ಹೆರಿಗೆಯಾಗಿ ಚೇತರಿಸಿಕೊಂಡ ನಂತರ, ಕೇಂದ್ರದ ಸಿಬ್ಬಂದಿಯು ಶಾಲೆಗಳೊಂದಿಗೆ ಮಾತನಾಡಿ ಅವಳಿಗೆ ಪ್ರವೇಶ ಕೊಡಿಸುತ್ತಾರೆ.

೨೦೧೩ರ ನೀತಿ

ಆರಂಭದ ದಶಕಗಳಲ್ಲಿ ಮರುಪ್ರವೇಶವು ಬಹುಮಟ್ಟಿಗೆ ಮುಖ್ಯೋಪಾಧ್ಯಾಯರ ಇಚ್ಛೆಯನ್ನು ಅವಲಂಬಿಸಿತ್ತು. ತಾಯಿಯಾದವಳನ್ನು ಸೇರಿಸಿಕೊಂಡರೆ ಉಳಿದ ವಿದ್ಯಾರ್ಥಿನಿಯರಿಗೆ ತಪ್ಪು ಸಂದೇಶ ಹೋಗುವುದೆಂಬ ಆಕ್ಷೇಪವಿತ್ತು. ಶಾಲಾ ವಯಸ್ಸಿನ ತಾಯಂದಿರ ಮರುಸೇರ್ಪಡೆಗೆ ಸರ್ಕಾರವು ೨೦೧೩ರಲ್ಲಿ ರಾಷ್ಟ್ರೀಯ ನೀತಿಯನ್ನು ರೂಪಿಸಿದ ಮೇಲೆ, ಶಾಲೆಗೆ ಮರಳುವುದು ಕೃಪೆಯಾಗಿರದೆ ಹಕ್ಕೆಂದು ಪರಿಗಣಿತವಾಯಿತು.

ಸವಾಲುಗಳು

ಶಾಲೆಗೆ ಮರಳಿದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದು ಮೊದಲ ಪ್ರಶ್ನೆ. ಸಾಮಾನ್ಯವಾಗಿ ಈ ಹೊಣೆ ಅಜ್ಜಿಯ ಮೇಲೆ ಬೀಳುತ್ತದೆ. ಪ್ರಯಾಣದ ಖರ್ಚು, ಸಹಪಾಠಿಗಳ ಮೂದಲಿಕೆ, ಶಿಕ್ಷಕರ ಅಸಡ್ಡೆ ಇವೂ ಓದಿಗೆ ಅಡ್ಡಿಯಾಗುತ್ತವೆ. ಜಮೈಕಾದಲ್ಲಿ ಲೈಂಗಿಕ ಸಮ್ಮತಿಯ ವಯಸ್ಸು ೧೬ ಆಗಿರುವುದರಿಂದ, ಅದಕ್ಕಿಂತ ಕಿರಿಯ ಬಾಲಕಿಯ ಗರ್ಭಧಾರಣೆಯ ಹಿಂದೆ ಅಪರಾಧವೊಂದು ಇರುತ್ತದೆ. ಆದ್ದರಿಂದ ಅವಳಿಗೆ ಶಿಕ್ಷಣದಷ್ಟೇ ರಕ್ಷಣೆಯೂ ಅಗತ್ಯ.

ಇತರ ದೇಶಗಳಲ್ಲಿ

ಕೀನ್ಯಾ ೧೯೯೪ರಲ್ಲಿಯೂ ಜಾಂಬಿಯಾ ೧೯೯೭ರಲ್ಲಿಯೂ ಮರುಪ್ರವೇಶ ನೀತಿಯನ್ನು ಜಾರಿಗೆ ತಂದವು. ಸಿಯೆರಾ ಲಿಯೋನ್‌ನಲ್ಲಿ ಗರ್ಭಿಣಿ ವಿದ್ಯಾರ್ಥಿನಿಯರು ಸಾಮಾನ್ಯ ಶಾಲೆಗೆ ಬರದಂತೆ ನಿಷೇಧವಿತ್ತು. ಪಶ್ಚಿಮ ಆಫ್ರಿಕಾದ ಪ್ರಾದೇಶಿಕ ನ್ಯಾಯಾಲಯವು ೨೦೧೯ರ ಡಿಸೆಂಬರ್‌ನಲ್ಲಿ ಅದರ ವಿರುದ್ಧ ತೀರ್ಪು ನೀಡಿತು. ೨೦೨೦ರ ಮಾರ್ಚ್‌ನಲ್ಲಿ ಸರ್ಕಾರವು ನಿಷೇಧವನ್ನು ತೆಗೆದುಹಾಕಿತು. ಟಾಂಜಾನಿಯಾ ೨೦೨೧ರ ನವೆಂಬರ್‌ನಲ್ಲಿ ಹೆರಿಗೆಯ ನಂತರ ಸಾಮಾನ್ಯ ಶಾಲೆಗೆ ಮರಳಲು ಅವಕಾಶ ನೀಡಿತು.