ಹಾಯಿದೋಣಿಯ ಪಂದ್ಯ

ಆಷಾಢ ಮಾಸ ಬಂತೆಂದರೆ ಗುಂಡ್ಲುಪೇಟೆಯ ಬಯಲಿನಲ್ಲಿ ಗಾಳಿಗೆ ಬಿಡುವೇ ಇರುವುದಿಲ್ಲ. ವಯನಾಡಿನ ಬೆಟ್ಟಗಳ ಮೇಲೆ ಮಳೆಯನ್ನು ಸುರಿಸಿ ಹಗುರಾದ ಮುಂಗಾರು ಮೋಡಗಳು ಬಂಡೀಪುರದ ಕಾಡನ್ನು ದಾಟಿ ಇತ್ತ ಬರುವ ವೇಳೆಗೆ ಅವು ತರುವುದು ನೀರಿಗಿಂತ ಗಾಳಿಯನ್ನೇ ಹೆಚ್ಚು. ರೈತನಿಗೆ ಇದು ಸಂತೋಷದ ಸಂಗತಿಯಲ್ಲ. ಗಾಳಿಪಟ ಹಾರಿಸುವ ಹುಡುಗರಿಗೆ ಮಾತ್ರ ಇದೇ ಸುಗ್ಗಿ. ಪಟ ಹಾರಿಸಿ ಬಲ್ಲವರು ಒಂದು ಸಂಗತಿಯನ್ನು ಗಮನಿಸಿರಬಹುದು. ದಾರ ಬಿಗಿಯಾಗಿರುವವರೆಗೆ ಪಟವು ಗಾಳಿಗೆ ಎದುರಾಗಿ ನಿಂತು ಮೇಲೇರುತ್ತದೆ. ದಾರ ಕಡಿದೊಡನೆ ಗಾಳಿ ಬೀಸಿದತ್ತ ಹೋಗಿ ಯಾವುದೋ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಪಟವನ್ನು ಏರಿಸುವುದು ಗಾಳಿಯೊಂದೇ ಅಲ್ಲ, ಅದನ್ನು ಹಿಡಿದು ನಿಲ್ಲಿಸುವ ದಾರವೂ ಹೌದು. ಹಾಯಿದೋಣಿಯ ವಿದ್ಯೆಗೂ ಇದೇ ಮೂಲ.

ಹಾಯಿದೋಣಿ ಎಂದೊಡನೆ ನಮಗೆ ಕಡಲು ನೆನಪಾಗುತ್ತದೆ. ಆದರೆ ಈ ಕ್ರೀಡೆಗೆ ಕಡಲೇ ಬೇಕೆಂದಿಲ್ಲ. ವಿಶಾಲವಾದ ನೀರು, ತಡೆಯಿಲ್ಲದ ಗಾಳಿ ಇದ್ದರೆ ಸಾಕು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರು. ಮೈಸೂರಿನ ಆಚೆಗೆ, 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿಂದೆ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ಒಂದಾಗಿ ನಿಂತಿದೆ. ಗದ್ದೆಗೆ ನೀರು, ಗಣಿಗೆ ವಿದ್ಯುತ್ತು ಎಂದು ಕಟ್ಟಿದ ಆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಇಂದು ರಾಯಲ್ ಮೈಸೂರು ಸೈಲಿಂಗ್ ಕ್ಲಬ್ಬಿನವರು ಹಾಯಿ ಬಿಚ್ಚುತ್ತಾರೆ. ಬೆಂಗಳೂರಿನಲ್ಲಿ ಸೇನೆಯ ಎಂಜಿನಿಯರುಗಳಿಗೆ ಸೇರಿದ ತೃಷ್ಣಾ ಸೈಲಿಂಗ್ ಕ್ಲಬ್ಬು ಇದೆ. ‘ತೃಷ್ಣಾ’ ಎಂಬುದು 1985ರಿಂದ 1987ರವರೆಗೆ ಜಗತ್ತನ್ನು ಸುತ್ತಿ ಬಂದ, ಸೇನಾ ಎಂಜಿನಿಯರುಗಳ ಹಾಯಿದೋಣಿಯ ಹೆಸರು. ಬಂಡೀಪುರದ ಅಂಚಿನಲ್ಲೇ ಕಬಿನಿಯ ಹಿನ್ನೀರು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ಬೇಸಗೆಯಲ್ಲಿ ಆನೆಗಳ ಹಿಂಡು ನೀರಿಗಿಳಿಯುವ ಜಾಗ. ಅಲ್ಲಿ ಪಂದ್ಯ ಹೂಡದಿರುವುದೇ ಲೇಸು.

ಗಾಳಿ ಬೀಸಿದ ಕಡೆಗೆ ದೋಣಿ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಒಣಗಿದ ಎಲೆಯೂ ಹಾಗೆ ಹೋಗುತ್ತದೆ. ಗಾಳಿ ಬರುವ ದಿಕ್ಕಿಗೇ ದೋಣಿ ಹೋಗುವುದು ಹೇಗೆ? ಹಾಯಿಯು ಹಕ್ಕಿಯ ರೆಕ್ಕೆಯಂತೆ ತುಸು ಬಾಗಿರುತ್ತದೆ. ಅದರ ಉಬ್ಬಿದ ಹೊರಮೈ ಮೇಲೆ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಒಳಮೈಯಲ್ಲಿ ಒತ್ತಡ ಹೆಚ್ಚಾಗಿರುತ್ತದೆ. ಈ ಅಂತರವು ಹಾಯಿಯನ್ನು ಪಕ್ಕಕ್ಕೂ, ಸ್ವಲ್ಪ ಮುಂದಕ್ಕೂ ಸೆಳೆಯುತ್ತದೆ. ಪಕ್ಕದ ಸೆಳೆತವನ್ನು ತಡೆಯುವುದು ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟ ಹಲಗೆ. ಗಾಳಿಪಟಕ್ಕೆ ದಾರ ಹೇಗೋ ದೋಣಿಗೆ ಈ ನಡುಹಲಗೆ ಹಾಗೆ. ಪಕ್ಕದ ದಾರಿ ಮುಚ್ಚಿದ ಮೇಲೆ ದೋಣಿಗೆ ಉಳಿಯುವುದು ಮುಂದಿನ ದಾರಿ ಮಾತ್ರ.

ಹಾಗೆಂದು ಗಾಳಿಗೆ ನೇರವಾಗಿ ಮುಖ ಕೊಟ್ಟು ಯಾವ ಹಾಯಿದೋಣಿಯೂ ನಡೆಯಲಾರದು. ಗಾಳಿಯ ದಿಕ್ಕಿನಿಂದ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಬಸ್ಸು ನೇರವಾಗಿ ಏರದೆ ತಿರುವು ತಿರುವಾಗಿ ಏರುವುದಿಲ್ಲವೆ? ಅದೇ ಬಗೆ. ಮೂತಿಯನ್ನು ಗಾಳಿಗೆ ಅಡ್ಡಹಾಯಿಸಿ ದೋಣಿಯನ್ನು ಹೀಗೆ ಹೊರಳಿಸುವುದಕ್ಕೆ ‘ಟ್ಯಾಕ್’ ಎಂದು ಹೆಸರು.

ಹಾಯಿಯನ್ನು ಹದಗೊಳಿಸುವುದು ನಾಜೂಕಿನ ಕೆಲಸ. ಹಾಯಿಯನ್ನು ಎಳೆದು ಬಿಡುವ ಹಗ್ಗಕ್ಕೆ ನಾವಿಕರ ಭಾಷೆಯಲ್ಲಿ ‘ಷೀಟ್’ ಎನ್ನುತ್ತಾರೆ. ಹೊಸಬರು ಇದು ಬಟ್ಟೆಯ ಹೆಸರೆಂದು ಮೋಸಹೋಗುವುದುಂಟು. ಹಗ್ಗವನ್ನು ಬಿಗಿದಷ್ಟೂ ವೇಗ ಹೆಚ್ಚುವುದೆಂದು ತಿಳಿಯುವುದು ಅವರ ಇನ್ನೊಂದು ಭ್ರಮೆ. ಅತಿಯಾಗಿ ಬಿಗಿದ ಹಾಯಿಯ ಹೊರಮೈಯಿಂದ ಗಾಳಿಯ ಹರಿವು ಕಿತ್ತುಹೋಗುತ್ತದೆ; ದೋಣಿ ಒಂದು ಮಗ್ಗುಲಿಗೆ ವಾಲುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಬಲ್ಲವರು ಹೀಗೆ ಮಾಡುತ್ತಾರೆ: ಹಾಯಿಯ ಮುಂಚೂಣಿಯ ಅಂಚು ಪಟಪಟನೆ ಬಡಿಯುವವರೆಗೆ ಹಗ್ಗವನ್ನು ಸಡಿಲಿಸಿ, ಆ ಬಡಿತ ನಿಲ್ಲುವಷ್ಟು ಮಾತ್ರ ಮತ್ತೆ ಎಳೆದುಕೊಳ್ಳುತ್ತಾರೆ. ಹಾಯಿಯ ಎರಡು ಮೈಗಳಿಗೂ ಉಣ್ಣೆಯ ಎಳೆಗಳನ್ನು ಅಂಟಿಸಿರುತ್ತಾರೆ. ಎರಡೂ ಎಳೆಗಳು ಹಿಂದಕ್ಕೆ ನೆಟ್ಟಗೆ ಹಾರುತ್ತಿದ್ದರೆ ಹದ ಸರಿಯಾಗಿದೆ. ಗಾಳಿಯ ಕಡೆಯ ಎಳೆ ತೊನೆದಾಡಿದರೆ ಹಗ್ಗವನ್ನು ಎಳೆಯಬೇಕು, ಮರೆಯ ಕಡೆಯದು ತೊನೆದಾಡಿದರೆ ಸಡಿಲಿಸಬೇಕು. ಗಾಳಿ ಬಲವಾದಾಗ ಹಾಯಿಯನ್ನು ಚಪ್ಪಟೆಯಾಗಿ ಸೆಳೆದು, ಕಾಲುಗಳನ್ನು ಪಟ್ಟಿಗೆ ಸಿಕ್ಕಿಸಿ, ದೇಹವನ್ನು ನೀರಿನ ಮೇಲೆ ಹೊರಚಾಚಿ ದೋಣಿಯನ್ನು ಸಮತೂಕದಲ್ಲಿ ಇಡಬೇಕು. ಅರ್ಧ ಗಂಟೆ ಹೀಗೆ ಇರುವವರ ತೊಡೆಗಳನ್ನು ಕೇಳಿದರೆ ಇದು ಎಂಥ ಆಟವೆಂಬುದು ತಿಳಿದೀತು.

ಪಂದ್ಯದ ಆರಂಭವೂ ವಿಚಿತ್ರವಾದುದು. ಓಟಗಾರರಂತೆ ಗೆರೆಯ ಮೇಲೆ ನಿಂತು ಕಾಯುವುದು ಇಲ್ಲಿ ಕಷ್ಟ. ಗಾಳಿ ಯಾರನ್ನೂ ನಿಲ್ಲಗೊಡುವುದಿಲ್ಲ. ಅಧಿಕಾರಿಗಳ ದೋಣಿಗೂ ತೇಲುವ ಒಂದು ಗುರುತಿಗೂ ನಡುವೆ ಕಲ್ಪಿಸಿಕೊಂಡ ಗೆರೆಯೇ ಆರಂಭದ ಗೆರೆ. ಐದು ನಿಮಿಷ ಮೊದಲು ಎಚ್ಚರಿಕೆಯ ಬಾವುಟ ಏರುತ್ತದೆ. ನಾಲ್ಕು ನಿಮಿಷಕ್ಕೆ ಇನ್ನೊಂದು. ಒಂದು ನಿಮಿಷ ಉಳಿದಾಗ ಆ ಎರಡನೆಯದು ಇಳಿಯುತ್ತದೆ. ಸಂಕೇತಕ್ಕೆ ಮೊದಲೇ ಗೆರೆ ದಾಟಿದವನು ಹಿಂದಿರುಗಿ ಮತ್ತೆ ಆರಂಭಿಸಬೇಕು. ಆಮೇಲೆ ಗುರುತುಗಳನ್ನು ಸುತ್ತಿ ಬರುವ ಓಟ. ಮೊದಲನೆಯವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು. ಹಲವು ಓಟಗಳ ಕೊನೆಗೆ ಅಂಕ ಕಡಿಮೆ ಇರುವವನೇ ವಿಜಯಿ.

ಹತ್ತಾರು ದೋಣಿಗಳು ಒಂದೇ ಗುರುತಿನತ್ತ ನುಗ್ಗುವಾಗ ಯಾರು ಯಾರಿಗೆ ದಾರಿ ಬಿಡಬೇಕು? ಗಾಳಿಯನ್ನು ಎಡಮಗ್ಗುಲಿನಿಂದ ಪಡೆಯುವ ದೋಣಿಯು ಬಲಮಗ್ಗುಲಿನಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕು. ಎರಡೂ ಒಂದೇ ಮಗ್ಗುಲಿನಿಂದ ಗಾಳಿ ಪಡೆಯುತ್ತ ಜೊತೆಯಾಗಿ ಸಾಗುತ್ತಿದ್ದರೆ, ಗಾಳಿ ಬರುವ ಕಡೆ ಇರುವುದು ಮರೆಯಲ್ಲಿರುವುದಕ್ಕೆ ಎಡೆ ಕೊಡಬೇಕು. ಘಟ್ಟದ ರಸ್ತೆಯಲ್ಲಿ ಇಳಿಯುವ ಲಾರಿ ಏರುವ ಲಾರಿಗೆ ದಾರಿ ಬಿಡುವಂತೆ ಇದು. ಹಿಂದಿನಿಂದ ಬರುವುದು ಮುಂದಿನದಕ್ಕೆ ತಗುಲಬಾರದು. ವರ್ಲ್ಡ್ ಸೈಲಿಂಗ್ ಎಂಬ ಸಂಸ್ಥೆ ಪ್ರಕಟಿಸುವ ಈ ನಿಯಮಗಳು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕಾರಗೊಳ್ಳುತ್ತವೆ; ಈ ಮೂಲಸೂತ್ರಗಳು ಮಾತ್ರ ಹಾಗೆಯೇ ಉಳಿದಿವೆ.

ನಿಯಮಗಳಿಗಿಂತ ಅವನ್ನು ನಡೆಸುವ ರೀತಿ ದೊಡ್ಡದು. ಸಾಮಾನ್ಯ ಪಂದ್ಯಗಳಲ್ಲಿ ನೀರಿನ ಮೇಲೆ ಸೀಟಿ ಊದುವ ತೀರ್ಪುಗಾರನಿಲ್ಲ. ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರ ದೋಣಿಗಳಿದ್ದರೂ ಅವರು ಮುಖ್ಯವಾಗಿ ಹುಡುಕುವುದು ಮೈಯನ್ನು ಜೀಕಿ, ಹಾಯಿಯನ್ನು ಬೀಸಣಿಗೆಯಂತೆ ಬೀಸಿ ವೇಗ ಗಳಿಸುವವರನ್ನು. ಇನ್ನೊಬ್ಬನ ದಾರಿಗೆ ಅಡ್ಡಬಂದವನು ತಾನೇ ತನ್ನ ತಪ್ಪನ್ನು ಒಪ್ಪಿ, ಪಕ್ಕಕ್ಕೆ ಸರಿದು, ದೋಣಿಯನ್ನು ಎರಡು ಸುತ್ತು ಸುತ್ತಿಸಬೇಕು. ಗುರುತನ್ನು ತಾಕಿದ್ದರೆ ಒಂದು ಸುತ್ತು. ಅಷ್ಟರಲ್ಲಿ ನಾಲ್ಕಾರು ದೋಣಿಗಳು ಮುಂದೆ ಹೋಗಿರುತ್ತವೆ. ಗುರುತನ್ನು ತಾಕಿದ್ದು ಬೇರೆ ಯಾರಿಗೂ ಕಾಣದೆ ಇರಬಹುದು, ಆದರೂ ಸುತ್ತಬೇಕು. ಕ್ರಿಕೆಟ್ಟಿನಲ್ಲಿ ಅಂಪೈರು ಬೆರಳೆತ್ತುವವರೆಗೆ ಕದಲದ ಬ್ಯಾಟುಗಾರನಿಗೆ ಇಲ್ಲಿ ಎಡೆಯಿಲ್ಲ. ಒಪ್ಪದವನ ಮೇಲೆ ಎದುರಾಳಿಯು ಸ್ಥಳದಲ್ಲೇ ‘ಪ್ರೊಟೆಸ್ಟ್’ ಎಂದು ಕೂಗಿ, ದಡಕ್ಕೆ ಬಂದು ಲಿಖಿತ ದೂರು ಕೊಡಬಹುದು. ಸಂಜೆ ಕ್ಲಬ್ಬಿನ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಪುಟ್ಟ ದೋಣಿಗಳನ್ನಿಟ್ಟು ನಡೆದುದನ್ನು ವಿವರಿಸುವುದು, ಸಾಕ್ಷಿ ಹೇಳಿಸುವುದು. ತಪ್ಪು ಸಿದ್ಧವಾದರೆ ಆ ಓಟದಿಂದಲೇ ಅನರ್ಹತೆ.

ಕ್ಲಬ್ಬಿನ ದಿನಚರಿಯಲ್ಲಿ ಪಂದ್ಯಕ್ಕಿಂತ ದುಡಿಮೆಯೇ ಹೆಚ್ಚು. ಕಂಬ ನಿಲ್ಲಿಸುವುದು, ಗಂಟು ಕಟ್ಟುವುದು, ದೋಣಿಯನ್ನು ಕೈಗಾಡಿಯಲ್ಲಿ ನೀರಿಗೆ ಇಳಿಸುವುದು, ಸಂಜೆ ತೊಳೆದು ಹಾಯಿಯನ್ನು ಒಣಗಿಸಿ ಮಡಿಸುವುದು. ಮಗುಚಿದ ದೋಣಿಯನ್ನು ತಾನೇ ನಡುಹಲಗೆಯ ಮೇಲೆ ನಿಂತು ಎತ್ತಲು ಕಲಿಯುವುದು ಮೊದಲ ಪಾಠಗಳಲ್ಲೊಂದು. ಹದಿನೈದು ವರ್ಷದೊಳಗಿನವರಿಗೆ ‘ಆಪ್ಟಿಮಿಸ್ಟ್’ ಎಂಬ ಪೆಟ್ಟಿಗೆಯಾಕಾರದ ಪುಟ್ಟ ದೋಣಿ ಇದೆ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ ಅದರ ತೂಕ 35 ಕಿಲೋಗ್ರಾಂ. ಕಡಲಿಲ್ಲದ ಮಧ್ಯಪ್ರದೇಶದ ರೈತ ಕುಟುಂಬದ ಹುಡುಗಿ ನೇಹಾ ಠಾಕೂರ್ ಭೋಪಾಲದ ಕೆರೆಯಲ್ಲಿ ಕಲಿತು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಪಡೆದಳು.

ಪಂದ್ಯದ ನಿಯಮಗ್ರಂಥದಲ್ಲಿ ಒಂದನೆಯ ನಿಯಮವೇ ಅಪಾಯದಲ್ಲಿರುವವರಿಗೆ ನೆರವಾಗುವುದು. 1988ರ ಸೋಲ್ ಒಲಿಂಪಿಕ್ಸಿನ ಹಾಯಿಪಂದ್ಯಗಳು ಬೂಸಾನ್ ಬಂದರಿನ ಬಳಿ ನಡೆದವು. ಸೆಪ್ಟೆಂಬರ್ 24ರಂದು ಗಾಳಿ ಹಠಾತ್ತನೆ ಬಲಗೊಂಡಿತು. ಫಿನ್ ಎಂಬ ಒಂಟಿದೋಣಿಯ ಓಟದಲ್ಲಿ ಕೆನಡಾದ ಲಾರೆನ್ಸ್ ಲೆಮಿಯೂ ಎರಡನೆಯ ಸ್ಥಾನದಲ್ಲಿದ್ದನು. ಪಕ್ಕದ ಓಟದಲ್ಲಿದ್ದ ಸಿಂಗಪುರದ ದೋಣಿಯೊಂದು ಮಗುಚಿ, ಇಬ್ಬರು ನೀರಿನಲ್ಲಿ ಒದ್ದಾಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅವನು ಓಟವನ್ನು ಬಿಟ್ಟು ಅತ್ತ ಹೊರಳಿದನು. ಇಬ್ಬರನ್ನೂ ಹಿಡಿದು, ರಕ್ಷಣೆಯ ದೋಣಿ ಬರುವವರೆಗೆ ಕಾದನು. ಮತ್ತೆ ಓಟಕ್ಕೆ ಹಿಂದಿರುಗುವ ಹೊತ್ತಿಗೆ ಹಲವರು ಮುಂದೆ ಸಾಗಿದ್ದರು. ತೀರ್ಪುಗಾರರು ಸೇರಿ ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಒಲಿಂಪಿಕ್ ಸಮಿತಿಯು ಪಿಯರ್ ದ ಕುಬರ್ತೆ ಪದಕವನ್ನಿತ್ತು ಗೌರವಿಸಿತು. ಫಿನ್ ದೋಣಿಗಳ ಅಂತಿಮ ಪಟ್ಟಿಯಲ್ಲಿ ಅವನ ಹೆಸರು ಹನ್ನೊಂದನೆಯದು.