ಚಪ್ಪಡಿ ಪಾದದ ಅಕ್ಷರ

ಮನೆಯಲ್ಲಿ ಹಳೆಯ ಸೋನಿ ರೇಡಿಯೊ ಇದ್ದರೆ ಒಮ್ಮೆ ಕೈಗೆತ್ತಿಕೊಳ್ಳಿ. ಆ ಹೆಸರಿನ ಕೊನೆಯ ಅಕ್ಷರ ‘ವೈ’ ನೋಡಿ. ಅದರ ಕಾಲು ಕೆಳಗಿಳಿದು ಸುಮ್ಮನೆ ನಿಂತುಬಿಟ್ಟಿಲ್ಲ. ಕಂಬದ ಬುಡಕ್ಕೆ ಕಲ್ಲು ಹಾಸಿದಂತೆ ಅಲ್ಲೊಂದು ದಪ್ಪನೆಯ ಅಡ್ಡಪಟ್ಟಿ ಇದೆ. ಹೋಂಡಾ ಹೆಸರಿನಲ್ಲೂ ಹಾಗೆಯೇ. ಬೆಂಗಳೂರಿನ ಐಟಿಯವರಿಗೆ ಚಿರಪರಿಚಿತವಾದ ಐಬಿಎಂ ಲಾಂಛನದಲ್ಲೂ ಹಾಗೆಯೇ. ಈ ಬಗೆಯ ಅಕ್ಷರಗಳಿಗೆ ‘ಸ್ಲ್ಯಾಬ್ ಸೆರಿಫ್’ ಎಂದು ಹೆಸರು. ಸೆರಿಫ್ ಎಂದರೆ ಗೆರೆಯ ತುದಿಗೆ ಅಂಟಿದ ಪಾದ, ಸ್ಲ್ಯಾಬ್ ಎಂದರೆ ನಮ್ಮ ಚಪ್ಪಡಿಯೇ.

ಈ ಅಕ್ಷರ ಹುಟ್ಟಿದ್ದು ಪುಸ್ತಕಕ್ಕಾಗಿ ಅಲ್ಲ, ಗೋಡೆಗಾಗಿ. ಹತ್ತೊಂಬತ್ತನೆಯ ಶತಮಾನದ ಆರಂಭದ ಲಂಡನ್ನಿನಲ್ಲಿ ಲಾಟರಿ, ನಾಟಕ, ಹರಾಜು ಎಲ್ಲದಕ್ಕೂ ಭಿತ್ತಿಪತ್ರ ಬೇಕಾಗಿತ್ತು. ಪುಸ್ತಕದ ಅಕ್ಷರವನ್ನೇ ಹಿಗ್ಗಿಸಿದರೆ ಅದರ ಕೂದಲೆಳೆಯಂಥ ಗೆರೆಗಳು ಬೀದಿಯ ಆಚೆ ಬದಿಗೆ ಕಾಣುತ್ತಿರಲಿಲ್ಲ. 1810ರ ದಶಕದಲ್ಲಿ ವಿನ್ಸೆಂಟ್ ಫಿಗಿನ್ಸ್ ಎಂಬ ಅಚ್ಚುಮೊಳೆ ಎರಕದವನು ಎಲ್ಲ ಗೆರೆಗಳನ್ನೂ ದಪ್ಪ ಮಾಡಿ, ಪಾದಗಳನ್ನೂ ಅಷ್ಟೇ ದಪ್ಪ ಮಾಡಿ ಮಾರುಕಟ್ಟೆಗೆ ಬಿಟ್ಟ. ನೆಪೋಲಿಯನ್ನನ ದಂಡಯಾತ್ರೆಯ ನಂತರ ಯೂರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿದ್ದ ಕಾಲ ಅದು. ಹಾಗಾಗಿ ಈ ಅಕ್ಷರಗಳಿಗೆ ‘ಈಜಿಪ್ಷಿಯನ್’ ಎಂಬ ಹೆಸರೂ ಅಂಟಿಕೊಂಡಿತು. ಈಜಿಪ್ಟಿಗೂ ಅವಕ್ಕೂ ಬೇರೆ ನಂಟೇನೂ ಇಲ್ಲ.

ನನಗೆ ಈ ಕುಲದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕ್ಲಾರೆಂಡನ್. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ಇದನ್ನು 1845ರಲ್ಲಿ ಹೊರತಂದ. ಉಕ್ಕಿನ ಕಂಬಿಯ ತುದಿಯಲ್ಲಿ ಅಕ್ಷರಗಳನ್ನು ತಿರುಗಾಮುರುಗಾ ಕೆತ್ತಿದವನು ಬೆಂಜಮಿನ್ ಫಾಕ್ಸ್. ಆಗಿನ ಹೊಸ ಕಾಯಿದೆಯಡಿ ಬೆಸ್ಲಿ ಅದನ್ನು ನೋಂದಾಯಿಸಿದರೂ ರಕ್ಷಣೆ ಸಿಕ್ಕಿದ್ದು ಮೂರೇ ವರ್ಷ. ಅವಧಿ ಮುಗಿದದ್ದೇ ತಡ, ಉಳಿದ ಫೌಂಡ್ರಿಗಳು ನಕಲು ಮಾಡಲು ಮುಗಿಬಿದ್ದವು. ಬೆಸ್ಲಿಯೇನೂ ಮುಳುಗಲಿಲ್ಲ, 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ.

ಕ್ಲಾರೆಂಡನ್ನಿನ ಹೆಚ್ಚುಗಾರಿಕೆ ಎಲ್ಲಿದೆ? ಮೊದಲ ಚಪ್ಪಡಿ ಅಕ್ಷರಗಳು ಗೋಡೆಯ ಮೇಲೆ ಕೂಗುವುದನ್ನಷ್ಟೇ ಬಲ್ಲವು. ಇದು ಸಾಮಾನ್ಯ ಅಕ್ಷರಗಳ ಸಾಲಿನಲ್ಲೇ ಕೂತು, ಅದೇ ಗಾತ್ರದಲ್ಲಿ ಒಂದು ಪದವನ್ನು ಮಾತ್ರ ಎತ್ತಿ ತೋರಿಸಬಲ್ಲದು. ಅಲ್ಲಿಯವರೆಗೆ ಮುದ್ರಕರು ಒತ್ತು ಕೊಡಬೇಕಾದರೆ ಓರೆ ಅಕ್ಷರವನ್ನೋ ದೊಡ್ಡಕ್ಷರವನ್ನೋ ಹುಡುಕಬೇಕಿತ್ತು. ನಿಘಂಟಿನ ಪುಟದಲ್ಲಿ ಕಣ್ಣು ಸರ್ರನೆ ಬೇಕಾದ ಪದಕ್ಕೆ ಹೋಗಿ ನಿಲ್ಲುತ್ತದಲ್ಲ, ಆ ಅನುಕೂಲ ಮಾಡಿಕೊಟ್ಟದ್ದು ಈ ಬಗೆಯ ಅಕ್ಷರ. ಇಂಗ್ಲೆಂಡಿನ ಮುದ್ರಕರ ಬಾಯಲ್ಲಿ ‘ಕ್ಲಾರೆಂಡನ್’ ಎಂದರೆ ದಪ್ಪಕ್ಷರ ಎಂದೇ ಅರ್ಥವಾಗಿಬಿಟ್ಟಿತು. ಇವತ್ತು ನಾವು ಕಂಪ್ಯೂಟರಿನಲ್ಲಿ ‘ಬೋಲ್ಡ್’ ಒತ್ತುವಾಗಲೆಲ್ಲ ಬೆಸ್ಲಿಯ ಅಂಗಡಿಯ ಋಣ ಸ್ವಲ್ಪ ಇದ್ದೇ ಇದೆ.

ಅಕ್ಷರವನ್ನು ದಪ್ಪ ಮಾಡುವುದು ಎಂದರೆ ಮಸಿ ಬಳಿಯುವುದಲ್ಲ, ಬಿಳಿಯನ್ನು ಕಾಯುವುದು. ಇಂಗ್ಲಿಷಿನ ದೊಡ್ಡ ‘ಇ’ ತೆಗೆದುಕೊಳ್ಳಿ. ಅದರ ಮೂರು ಅಡ್ಡಗೆರೆಗಳನ್ನೂ ಕಂಬದಷ್ಟೇ ದಪ್ಪ ಮಾಡಿದರೆ ನಡುವೆ ಜಾಗವೇ ಉಳಿಯುವುದಿಲ್ಲ. ಸಾಲದ್ದಕ್ಕೆ, ಒಂದೇ ಅಳತೆಯ ಗೆರೆ ಅಡ್ಡ ಮಲಗಿದಾಗ ನಿಂತದ್ದಕ್ಕಿಂತ ದಪ್ಪವಾಗಿ ಕಾಣುತ್ತದೆ. ಹಾಗಾಗಿ ಕ್ಲಾರೆಂಡನ್ನಿನಲ್ಲಿ ಅಡ್ಡಗೆರೆಗಳನ್ನು ತೆಳುಮಾಡಿದ್ದಾರೆ. ಕಂಬವೂ ಪಾದವೂ ಕೂಡುವ ಮೂಲೆ ಚೌಕವಾಗಿ ಮುರಿಯುವುದಿಲ್ಲ, ಮರದ ಬುಡ ನೆಲಕ್ಕೆ ಇಳಿದಂತೆ ಬಾಗಿ ಇಳಿಯುತ್ತದೆ. ಚಿಕ್ಕ ‘ಸಿ’ಯ ಮೇಲ್ತುದಿಯಲ್ಲಿ ಹನಿಯೊಂದು ತೂಗುತ್ತದೆ. ದೊಡ್ಡ ‘ಆರ್’ನ ಬಾಲವಂತೂ ಚಡಾವಿನ ಮೂತಿಯ ಹಾಗೆ ಮೇಲಕ್ಕೆ ಸುರುಳಿದೆ. ಇಷ್ಟು ಭಾರದ ಅಕ್ಷರಕ್ಕೆ ಇಂಥ ಲಾಲಿತ್ಯ ಬಂದದ್ದು ಈ ಬಾಗುಗಳಿಂದ.

ಅಟ್ಲಾಂಟಿಕ್ ದಾಟಿದ ಮೇಲೆ ಕ್ಲಾರೆಂಡನ್ ಮರಕ್ಕಿಳಿಯಿತು. ದೊಡ್ಡ ಗಾತ್ರದ ಸೀಸದ ಮೊಳೆ ಹೊರಲಾರದಷ್ಟು ಭಾರ, ಬೆಲೆಯೂ ಹೆಚ್ಚು. ಅದಕ್ಕಾಗಿ ಕ್ಲಾರೆಂಡನ್ ಹುಟ್ಟುವ ಮೊದಲೇ, 1827ರಲ್ಲಿ, ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರ ಕೊರೆಯುವ ಯಂತ್ರ ಹೂಡಿದ್ದ; 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ಮಾದರಿಯ ಮೇಲೆ ಕಡ್ಡಿ ಓಡಿಸಿದರೆ ಬೇಕಾದ ಗಾತ್ರದಲ್ಲಿ ಅಕ್ಷರ ಕೊರೆದುಕೊಳ್ಳುತ್ತಿತ್ತು. ಮೇಪಲ್ ಮರದ ಕಾಂಡವನ್ನು ಹಲಗೆಯಾಗಿ ಸೀಳದೆ ಬಿಲ್ಲೆಯಾಗಿ ಅಡ್ಡ ಕೊಯ್ಯುತ್ತಿದ್ದರು. ಆ ಮುಖ ಗಡಸು, ಯಂತ್ರದ ಒತ್ತಡಕ್ಕೆ ಬೇಗ ಸವೆಯದು. ಸೀಸದ್ದಾಗಲಿ ಮರದ್ದಾಗಲಿ, ಅಮೆರಿಕದಲ್ಲಿ ಮೊಳೆಯ ಎತ್ತರ 0.918 ಅಂಗುಲ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು ಅಚ್ಚು ಹಾಕಬಹುದಿತ್ತು. ಕೌಬಾಯ್ ಸಿನಿಮಾಗಳ ‘ಬೇಕಾಗಿದ್ದಾನೆ’ ಪೋಸ್ಟರಿನಲ್ಲಿ ಪಾದವೇ ಕಂಬಕ್ಕಿಂತ ದಪ್ಪವಾದ ಅಕ್ಷರ ನೋಡಿದ್ದೀರಲ್ಲ, ಅದು ಇದರದೇ ಕವಲು, ಫ್ರೆಂಚ್ ಕ್ಲಾರೆಂಡನ್. ವಿಸ್ಕಾನ್ಸಿನ್‌ನ ಟೂ ರಿವರ್ಸ್ ಊರಿನಲ್ಲಿ 1880ರಲ್ಲಿ ಶುರುವಾದ ಹ್ಯಾಮಿಲ್ಟನ್ ಕಾರ್ಖಾನೆಯ ನೆನಪಿಗೆ ಈಗ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಮರದ ಮೊಳೆಗಳು ಅಲ್ಲಿ ಇಂದಿಗೂ ಮಸಿ ಹತ್ತಿಸಿಕೊಂಡು ಅಚ್ಚಾಗುತ್ತಿವೆ.

1953ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಫೌಂಡ್ರಿಗಾಗಿ ಹರ್ಮನ್ ಐಡೆನ್‌ಬೆನ್ಜ್ ಕ್ಲಾರೆಂಡನ್ನಿಗೆ ಹೊಸ ಜನ್ಮ ಕೊಟ್ಟ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಫಲಕಗಳ ಮೇಲೂ ಇದು ದಶಕಗಳ ಕಾಲ ದಾರಿ ತೋರಿಸಿತು. ಐಬಿಎಂನದು ಬೇರೆ ಕವಲು: ಅದರ ಲಾಂಛನದ ವಿನ್ಯಾಸಕ ಪಾಲ್ ರ‍್ಯಾಂಡ್ 1956ರಲ್ಲಿ ಆರಿಸಿಕೊಂಡದ್ದು ಜರ್ಮನಿಯ ಗಿಯೋರ್ಗ್ ಟ್ರಂಪ್ ರೂಪಿಸಿದ ‘ಸಿಟಿ’ ಎಂಬ ಚೌಕ ಮೂಲೆಗಳ ಅಕ್ಷರವನ್ನು. ಈಗ ಕಾಣುವ ಎಂಟು ಪಟ್ಟೆ ಬಂದದ್ದು 1972ರಲ್ಲಿ.

ಕನ್ನಡದ ಅಕ್ಷರಗಳು ದುಂಡಗೆ ಹೊರಳುವವು. ಚಪ್ಪಡಿ ಕೂರಿಸಲು ಅವಕ್ಕೆ ನೇರ ಕಾಲಿಲ್ಲ, ಇರುವುದು ತಲೆಕಟ್ಟು. ಆದರೆ ಬಿಳಿಯನ್ನು ಕಾಯುವ ಕಷ್ಟ ಇಲ್ಲಿ ಇನ್ನೂ ಹೆಚ್ಚು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯಡಿಯ ಒಂದು ಸಣ್ಣ ಸೀಳು. ಶೀರ್ಷಿಕೆಗೆಂದು ಅಕ್ಷರವನ್ನು ಎಚ್ಚರವಿಲ್ಲದೆ ದಪ್ಪ ಮಾಡಿದರೆ ಆ ಸೀಳು ಮಸಿಯಲ್ಲಿ ಮುಚ್ಚಿಹೋಗಿ ‘ಧನ’ ‘ದನ’ವಾಗುತ್ತದೆ. ಏಕ್ ಟೈಪ್ ತಂಡದ ‘ಬಾಲೂ ತಮ್ಮ’ ಎಂಬ ದಪ್ಪಕ್ಷರದ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು, ಈ ಎರಡು ಪದಗಳನ್ನೇ ದೊಡ್ಡದಾಗಿ ಅಕ್ಕಪಕ್ಕ ಟೈಪ್ ಮಾಡಿ, ಆ ಸೀಳಿಗೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ.